ಹೆಸರು ಬೇರೆ, ಗುರುತು ಬೇರೆ: ಯುನಿಕ್ಸ್ ಲೋಕದಲ್ಲಿ ಡಿಸ್ಕುಗಳನ್ನು ಗುರುತಿಸಿದ ಬಗೆ



ಶಾಲೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಎರಡು ಸಂಖ್ಯೆಗಳಿರುತ್ತವೆ. ಒಂದು ಹಾಜರಿ ಪುಸ್ತಕದ ಕ್ರಮಸಂಖ್ಯೆ. ಇನ್ನೊಂದು ದಾಖಲಾತಿ ಪುಸ್ತಕದ ಸಂಖ್ಯೆ. ಹಾಜರಿ ಸಂಖ್ಯೆ ಪ್ರತಿ ಜೂನ್ ತಿಂಗಳಲ್ಲಿ ಬದಲಾಗುತ್ತದೆ. ಹೊಸದಾಗಿ ಒಬ್ಬ ಅಬ್ದುಲ್ ಸೇರಿದರೆ ಅವನ ನಂತರದವರೆಲ್ಲ ಒಂದೊಂದು ಸ್ಥಾನ ಕೆಳಕ್ಕೆ ಸರಿಯುತ್ತಾರೆ. ದಾಖಲಾತಿ ಸಂಖ್ಯೆ ಮಾತ್ರ ನೀವು ಶಾಲೆಗೆ ಕಾಲಿಟ್ಟ ದಿನ ಬರೆದದ್ದು, ಟಿ.ಸಿ. ತೆಗೆದುಕೊಂಡು ಹೋಗುವ ದಿನವೂ ಅದೇ. ಹಾಜರಿ ಕರೆಯುವಾಗ ಮೊದಲನೆಯದು ಸಾಕು. ಆದರೆ ಕ್ರಮಸಂಖ್ಯೆಯನ್ನು ನೋಡಿ ಯಾರೂ ಟಿ.ಸಿ. ಬರೆಯುವುದಿಲ್ಲ. ಬರೆದರೆ ಒಬ್ಬನ ಬದಲು ಇನ್ನೊಬ್ಬ ಶಾಲೆ ಬಿಟ್ಟು ಹೋಗಬೇಕಾದೀತು!

ಕಂಪ್ಯೂಟರಿನೊಳಗೂ ಇದೇ ಪ್ರಶ್ನೆ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಡಿದೆ. ಮಾಹಿತಿಯನ್ನು ಇಟ್ಟುಕೊಳ್ಳುವ ಡಿಸ್ಕನ್ನು ಯಾವ ಹೆಸರಿನಿಂದ ಕರೆಯಬೇಕು? ಆ ಹೆಸರು ನಾಳೆಯೂ ಅದೇ ಡಿಸ್ಕಿಗೆ ಸೇರಿದ್ದೆಂದು ನಂಬಬಹುದೇ? ಈ ಪ್ರಶ್ನೆಯ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕನಿಗೆ ಈ ವಿಷಯ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ತಪ್ಪು

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿಯ ಬೀಗದ ಕೈ ನನ್ನ ಬಳಿ ಇತ್ತು. ಯಂತ್ರಗಳಲ್ಲಿ ಲಿನಕ್ಸ್ ಇತ್ತು. ಒಂದು ಯಂತ್ರ ಕೆಟ್ಟರೆ, ಸಿದ್ಧವಾಗಿಟ್ಟ ಪ್ರತಿಯನ್ನು ಹೊಸ ಡಿಸ್ಕಿಗೆ ಇಳಿಸಿ ಜೋಡಿಸುವುದು ನನ್ನ ಪದ್ಧತಿ. ಇದಕ್ಕಾಗಿ ನಾಲ್ಕು ಸಾಲಿನ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಒಂದಾದ ಮೇಲೊಂದು ಕೊಡುವ ಆಜ್ಞೆಗಳನ್ನು ಬರೆದಿಟ್ಟ ಕಡತ. ಯುಎಸ್‌ಬಿಗೆ ಸಿಕ್ಕಿಸಿದ ಹೊಸ ಡಿಸ್ಕು ಯಾವಾಗಲೂ 'ಎಸ್‌ಡಿಬಿ' ಎಂಬ ಹೆಸರಿನಲ್ಲಿ ಬರುತ್ತಿತ್ತು. ಹಾಗಾಗಿ ಸ್ಕ್ರಿಪ್ಟಿನಲ್ಲಿ ಆ ಹೆಸರನ್ನೇ ಬರೆದಿದ್ದೆ.

ಹಿಂದಿನ ಸಂಜೆ ವಿದ್ಯಾರ್ಥಿವೇತನದ ಅರ್ಜಿಗಳ ಕೆಲಸ ನಡೆದಿತ್ತು. ಆ ದಾಖಲೆಗಳಿದ್ದ ಡಿಸ್ಕನ್ನು ಯಾರೋ ತೆಗೆಯದೆ ಹಾಗೆಯೇ ಬಿಟ್ಟಿದ್ದರು. ಬೆಳಿಗ್ಗೆ ಯಂತ್ರ ಶುರುವಾದಾಗ 'ಎಸ್‌ಡಿಬಿ' ಎಂಬ ಹೆಸರು ಆ ಹಳೆಯ ಡಿಸ್ಕಿಗೆ ಹೋಯಿತು. ನಾನು ಸಿಕ್ಕಿಸಿದ ಹೊಸ ಡಿಸ್ಕು 'ಎಸ್‌ಡಿಸಿ' ಆಯಿತು. ಸ್ಕ್ರಿಪ್ಟ್ ಏನನ್ನೂ ಕೇಳಲಿಲ್ಲ, ಕೇಳುವಂತೆ ನಾನು ಬರೆದಿರಲಿಲ್ಲ. ಹತ್ತು ನಿಮಿಷದಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳ ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಅಳಿಸಿಹೋದವು.

ಕೊನೆಯ ದಿನಾಂಕಕ್ಕೆ ಒಂದು ವಾರ ಉಳಿದಿತ್ತು. ಪೋಷಕರನ್ನು ಮತ್ತೆ ಕರೆಸಿದೆವು. ಗಾರೆ ಕೆಲಸದ ಒಬ್ಬ ತಂದೆ ದಿನದ ಕೂಲಿ ಬಿಟ್ಟು ಬಂದು, "ಮಾಸ್ಟರ್ ಸಾಬ್, ಮೊನ್ನೆ ಎಲ್ಲಾ ಕೊಟ್ಟಿದ್ದೆನಲ್ಲ?" ಎಂದರು. ಕೊಟ್ಟಿದ್ದು ನಿಜ. ನನ್ನ ಬಳಿ ಉತ್ತರವಿರಲಿಲ್ಲ. ಇಬ್ಬರು ಮಕ್ಕಳ ಅರ್ಜಿ ಕೊನೆಗೂ ಸಮಯಕ್ಕೆ ಸೇರಲಿಲ್ಲ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ: 'ಎಸ್‌ಡಿಬಿ' ಎಂಬ ಹೆಸರನ್ನು ಕೊಟ್ಟವರು ಯಾರು, ಅದು ಬದಲಾಗುವುದೇಕೆ?

ಎಲ್ಲವೂ ಕಡತವೇ

ಕಥೆ 1969ರಲ್ಲಿ ಶುರುವಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಸಂಗಡಿಗರು ಪಿಡಿಪಿ-7 ಎಂಬ ಚಿಕ್ಕ ಯಂತ್ರದ ಮೇಲೆ ಯುನಿಕ್ಸ್ ಕಾರ್ಯವ್ಯವಸ್ಥೆಯನ್ನು ಕಟ್ಟತೊಡಗಿದರು. ಅವರ ಮುಖ್ಯ ವಿಚಾರಗಳಲ್ಲಿ ಒಂದು ಬಹಳ ಸರಳವಾದುದು: ಯಂತ್ರಕ್ಕೆ ಜೋಡಿಸಿದ ಪ್ರತಿ ಸಾಧನವೂ ಒಂದು ಕಡತದಂತೆ ಕಾಣಬೇಕು. ಪತ್ರವೊಂದನ್ನು ಓದುವ ಆಜ್ಞೆಯಿಂದಲೇ ಡಿಸ್ಕನ್ನೂ ಓದಬಹುದು. ಈ ಸಾಧನ ಕಡತಗಳೆಲ್ಲ 'ಡೆವ್' ಎಂಬ ಒಂದೇ ಕೋಶದಲ್ಲಿರುತ್ತವೆ.

1971ರ ನವೆಂಬರ್ 3ರ ದಿನಾಂಕ ಹೊತ್ತ ಯುನಿಕ್ಸಿನ ಮೊದಲ ಕೈಪಿಡಿಯಲ್ಲೇ ಡಿಸ್ಕುಗಳ ಹೆಸರುಗಳಿವೆ: ಆರ್‌ಎಫ್0, ಆರ್‌ಕೆ0. ಈ ಅಕ್ಷರಗಳು ಡಿಜಿಟಲ್ ಕಂಪನಿಯ ಡಿಸ್ಕಿನ ಮಾದರಿಯಿಂದ ಬಂದವು. ಕೊನೆಯ ಅಂಕಿ, ಆ ಮಾದರಿಯ ಎಷ್ಟನೆಯ ಡಿಸ್ಕು ಎಂಬುದನ್ನು ಹೇಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಜನಪ್ರಿಯವಾದ ಆರ್‌ಕೆ05 ಡಿಸ್ಕು ಸುಮಾರು 2.5 ಮೆಗಾಬೈಟ್ ಮಾತ್ರ ಹಿಡಿಯುತ್ತಿತ್ತು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೆ ಅಷ್ಟು ಜಾಗ ಬೇಕು.

ಹೆಸರಿನ ಹಿಂದೆ ಎರಡು ಸಂಖ್ಯೆಗಳು ಅಡಗಿದ್ದವು, ಇಂದಿಗೂ ಇವೆ. ಮೊದಲನೆಯದು, ಈ ಸಾಧನವನ್ನು ನೋಡಿಕೊಳ್ಳುವ ಚಾಲಕ ತಂತ್ರಾಂಶ ಯಾವುದು ಎನ್ನುತ್ತದೆ. ಎರಡನೆಯದು, ಅದರ ಕೈಕೆಳಗಿನ ಎಷ್ಟನೆಯ ಸಾಧನ ಎನ್ನುತ್ತದೆ. ಕಾರ್ಯವ್ಯವಸ್ಥೆಗೆ ಈ ಸಂಖ್ಯೆಗಳೇ ಮುಖ್ಯ, ಹೆಸರು ಮನುಷ್ಯರ ಅನುಕೂಲಕ್ಕೆ.

ಆ ಕಾಲದಲ್ಲಿ ಹೆಸರಿನ ಗೊಂದಲ ಇರಲಿಲ್ಲ. ಡಿಸ್ಕಿನ ಪೆಟ್ಟಿಗೆ ದೊಡ್ಡ ಕಪಾಟಿನಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು. ನೋಡಿಕೊಳ್ಳುವವರಿಗೆ ಸೊನ್ನೆಯದು ಯಾವುದು, ಒಂದರದು ಯಾವುದು ಎಂದು ಕಣ್ಣಿಗೇ ಕಾಣುತ್ತಿತ್ತು. ಸ್ಥಾನವೇ ಹೆಸರು, ಹೆಸರೇ ಗುರುತು.

ವಿಳಾಸವೇ ಹೆಸರಾದಾಗ

ಡಿಸ್ಕುಗಳು ಹೆಚ್ಚಾದಂತೆ ಹೆಸರೂ ಬೆಳೆಯಿತು. 1983ರಲ್ಲಿ ಹೊರಬಂದ 4.2 ಬಿಎಸ್‌ಡಿ ಯುನಿಕ್ಸಿನಲ್ಲಿ ಒಂದು ಡಿಸ್ಕನ್ನು ಭಾಗಗಳಾಗಿ ಹಂಚಿ, ಪ್ರತಿ ಭಾಗಕ್ಕೂ ಒಂದು ಅಕ್ಷರ ಕೊಡುತ್ತಿದ್ದರು. ಹೆಚ್‌ಪಿ0ಎ ಎಂದರೆ ಮೊದಲ ಡಿಸ್ಕಿನ 'ಎ' ಭಾಗ, ಮೂಲ ವ್ಯವಸ್ಥೆ ಇರುವ ಜಾಗ. 'ಸಿ' ಎಂದರೆ ಇಡೀ ಡಿಸ್ಕು. ತಿಳಿಯದವರು 'ಸಿ' ಎಂದರೆ ಮೂರನೆಯ ಭಾಗವೆಂದು ಭಾವಿಸಿ ಅದರ ಮೇಲೆ ಬರೆದರೆ ಎಲ್ಲವೂ ಹೋದಂತೆ.

ಸನ್ ಕಂಪನಿಯ ಸೋಲಾರಿಸ್ ಇನ್ನೂ ಮುಂದೆ ಹೋಯಿತು. ಅದರಲ್ಲಿ ಡಿಸ್ಕಿನ ಹೆಸರು ಸಿ0ಟಿ0ಡಿ0ಎಸ್0 ಎಂಬಂತೆ ಇರುತ್ತದೆ. ಎಷ್ಟನೆಯ ನಿಯಂತ್ರಕ, ಅದರಲ್ಲಿ ಎಷ್ಟನೆಯ ಗುರಿ, ಅಲ್ಲಿ ಎಷ್ಟನೆಯ ಡಿಸ್ಕು, ಡಿಸ್ಕಿನ ಎಷ್ಟನೆಯ ಭಾಗ ಎಂದು ಕ್ರಮವಾಗಿ ಹೇಳುತ್ತದೆ. ನಮ್ಮ ಅಂಚೆ ವಿಳಾಸದಂತೆಯೇ: ಜಿಲ್ಲೆ, ತಾಲ್ಲೂಕು, ಬೀದಿ, ಮನೆ ಸಂಖ್ಯೆ. ಇದು ಅಚ್ಚುಕಟ್ಟಾದ ಪದ್ಧತಿ. ಆದರೆ ಬಾಡಿಗೆದಾರ ಮನೆ ಬದಲಿಸಿದರೆ ವಿಳಾಸ ಅವನ ಜೊತೆ ಹೋಗುವುದಿಲ್ಲವಷ್ಟೆ.

ಲಿನಕ್ಸಿನ ಎರಡು ಕುಟುಂಬಗಳು

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಶುರುಮಾಡಿದರು. ಸಾಮಾನ್ಯ ಮನೆ ಕಂಪ್ಯೂಟರುಗಳ ಐಡಿಇ ಡಿಸ್ಕುಗಳಿಗೆ ಎಚ್‌ಡಿಎ, ಎಚ್‌ಡಿಬಿ, ಎಚ್‌ಡಿಸಿ, ಎಚ್‌ಡಿಡಿ ಎಂಬ ಹೆಸರುಗಳಿದ್ದವು. ಮದರ್‌ಬೋರ್ಡಿನಲ್ಲಿ ಎರಡು ಕೇಬಲ್, ಪ್ರತಿ ಕೇಬಲಿಗೆ ಎರಡು ಡಿಸ್ಕು. ಮೊದಲ ಕೇಬಲಿನ ಮೊದಲ ಡಿಸ್ಕು ಎಚ್‌ಡಿಎ. ಎರಡನೆಯ ಕೇಬಲಿನ ಮೊದಲ ಡಿಸ್ಕು ಎಚ್‌ಡಿಸಿ. ನಡುವಿನ ಎಚ್‌ಡಿಬಿ ಇಲ್ಲದಿದ್ದರೂ ಎಚ್‌ಡಿಸಿ ಎಚ್‌ಡಿಸಿಯೇ. ಪಕ್ಕದ ಬೆಂಚು ಖಾಲಿಯಿದ್ದರೂ ನಿಮ್ಮ ಬೆಂಚಿನ ಸಂಖ್ಯೆ ಬದಲಾಗದಂತೆ.

ದೊಡ್ಡ ಯಂತ್ರಗಳ ಸ್ಕಸಿ ಡಿಸ್ಕುಗಳದು ಬೇರೆ ಕುಟುಂಬ: ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ. ಇಲ್ಲಿ ಅಕ್ಷರವು ಸ್ಥಾನವನ್ನು ಹೇಳುವುದಿಲ್ಲ, ಕಂಡುಬಂದ ಸರದಿಯನ್ನು ಹೇಳುತ್ತದೆ. ಮೊದಲು ಕಂಡದ್ದು 'ಎ', ನಂತರದ್ದು 'ಬಿ'. 'ಝಡ್' ಮುಗಿದರೆ 'ಎಎ'. ನಡುವಿನ ಒಂದು ಡಿಸ್ಕನ್ನು ತೆಗೆದು ಯಂತ್ರವನ್ನು ಮತ್ತೆ ಶುರುಮಾಡಿದರೆ ಅದರ ನಂತರದವೆಲ್ಲ ಒಂದೊಂದು ಅಕ್ಷರ ಹಿಂದಕ್ಕೆ ಸರಿಯುತ್ತವೆ. ಇದೇ ನಮ್ಮ ಹಾಜರಿ ಪುಸ್ತಕದ ಕ್ರಮಸಂಖ್ಯೆ.

ಯುಎಸ್‌ಬಿ ಡಿಸ್ಕುಗಳು, ನಂತರ ಸಾಟಾ ಡಿಸ್ಕುಗಳು ಈ ಎರಡನೆಯ ಕುಟುಂಬಕ್ಕೇ ಸೇರಿದವು. 2007ರ ಫೆಡೋರಾ 7ರಲ್ಲಿ ಹಳೆಯ ಐಡಿಇ ಡಿಸ್ಕುಗಳೂ 'ಎಚ್‌ಡಿ' ಬಿಟ್ಟು 'ಎಸ್‌ಡಿ' ಆದವು. ಎಚ್‌ಡಿಎ ಎಂದು ಬರೆದಿಟ್ಟಿದ್ದ ಸ್ಕ್ರಿಪ್ಟುಗಳು ಒಂದೇ ಸಲಕ್ಕೆ ಸುಳ್ಳಾದವು. ಹಳೆಯ ಐಡಿಇ ಚಾಲಕವನ್ನು 2021ರಲ್ಲಿ, ಲಿನಕ್ಸ್ 5.14ರಲ್ಲಿ, ಪೂರ್ತಿಯಾಗಿ ತೆಗೆದುಹಾಕಿದರು. ಇಂಥ ಪೆಟ್ಟು ಲಿನಕ್ಸಿಗೆ ಮಾತ್ರ ಬಿದ್ದದ್ದಲ್ಲ. 2012ರ ಫ್ರೀಬಿಎಸ್‌ಡಿ 9.0ರಲ್ಲಿ 'ಎಡಿ' ಎಂದಿದ್ದ ಡಿಸ್ಕುಗಳು 'ಎಡಿಎ' ಆದವು.

ಹೆಸರಿಡುವ ಅಧಿಕಾರ ಯಾರದು?

2000ದ ಸುಮಾರಿಗೆ ಇನ್ನೊಂದು ತೊಂದರೆ ಎದುರಾಯಿತು. ಡಿಸ್ಕುಗಳು ಈಗ ಯಂತ್ರ ನಡೆಯುತ್ತಿರುವಾಗಲೇ ಬರುತ್ತಿದ್ದವು, ಹೋಗುತ್ತಿದ್ದವು. ಆದರೆ 'ಡೆವ್' ಕೋಶದಲ್ಲಿ, ಇಲ್ಲದ ಸಾಧನಗಳಿಗೂ ಸೇರಿಸಿ ಸಾವಿರಾರು ಹೆಸರುಗಳನ್ನು ಮೊದಲೇ ಬರೆದಿಡಲಾಗುತ್ತಿತ್ತು. ರಿಚರ್ಡ್ ಗೂಚ್ ಬರೆದ 'ಡೆವ್‌ಎಫ್‌ಎಸ್' ಇದಕ್ಕೆ ಒಂದು ಉತ್ತರ ಕೊಟ್ಟಿತು: ಲಿನಕ್ಸಿನ ತಿರುಳು ಭಾಗವೇ, ಅಂದರೆ ಕರ್ನೆಲ್ಲೇ, ಇರುವ ಸಾಧನಗಳಿಗೆ ಮಾತ್ರ ಹೆಸರಿಡಲಿ. ಆದರೆ ಹೆಸರು ಹೇಗಿರಬೇಕೆಂಬ ತೀರ್ಮಾನ ಕರ್ನೆಲ್ಲಿನದಾಗಬಾರದು, ಯಂತ್ರವನ್ನು ನಡೆಸುವವರದಾಗಬೇಕು ಎಂದು ಹಲವರು ವಾದಿಸಿದರು.

2003ರಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ 'ಯುಡೆವ್' ಎಂಬ ಹೊಸ ವ್ಯವಸ್ಥೆಯನ್ನು ಮುಂದಿಟ್ಟರು. ಕರ್ನೆಲ್ "ಹೊಸ ಸಾಧನ ಬಂದಿದೆ" ಎಂದು ಸುದ್ದಿ ಕೊಡುತ್ತದೆ. ಯುಡೆವ್ ಅದನ್ನು ಕೇಳಿಸಿಕೊಂಡು, ಸಾಧನವನ್ನೇ ವಿಚಾರಿಸಿ, ನಿಯಮಗಳಿಗೆ ತಕ್ಕಂತೆ ಹೆಸರುಗಳನ್ನು ಕೊಡುತ್ತದೆ. ಕರ್ನೆಲ್ ಬಾಗಿಲ ಬಳಿ ನಿಂತ ಜವಾನ, ಯುಡೆವ್ ದಾಖಲಾತಿ ಪುಸ್ತಕ ಹಿಡಿದ ಗುಮಾಸ್ತ ಎನ್ನಬಹುದು. 2006ರಲ್ಲಿ ಡೆವ್‌ಎಫ್‌ಎಸ್ ಹೊರಗೆ ಹೋಯಿತು. 2012ರಲ್ಲಿ ಯುಡೆವ್, ಸಿಸ್ಟಮ್‌ಡಿ ಎಂಬ ದೊಡ್ಡ ವ್ಯವಸ್ಥೆಯ ಭಾಗವಾಯಿತು.

ಯುಡೆವ್‌ನಿಂದ ನಮಗೆ ಬಂದ ದೊಡ್ಡ ಉಪಕಾರವೆಂದರೆ /ಡೆವ್/ಡಿಸ್ಕ್ ಎಂಬ ಕೋಶ. ಅದರೊಳಗೆ ಒಂದೇ ಡಿಸ್ಕಿಗೆ ಹಲವು ಬಗೆಯ ಹೆಸರುಗಳಿರುತ್ತವೆ. 'ಬೈ-ಪಾತ್' ಎಂಬಲ್ಲಿ ಡಿಸ್ಕು ಕೂತಿರುವ ಸ್ಥಾನ. 'ಬೈ-ಐಡಿ' ಎಂಬಲ್ಲಿ ಕಂಪನಿ, ಮಾದರಿ ಮತ್ತು ಕಾರ್ಖಾನೆಯಲ್ಲಿ ಕೊಟ್ಟ ಕ್ರಮಾಂಕ. 'ಬೈ-ಲೇಬಲ್' ಎಂಬಲ್ಲಿ ನಾವು ಅಂಟಿಸಿದ ಚೀಟಿಯಂಥ ಹೆಸರು. 'ಬೈ-ಯುಯುಐಡಿ' ಎಂಬಲ್ಲಿ ಡಿಸ್ಕಿನೊಳಗೆ ಬರೆದಿರುವ ಉದ್ದನೆಯ ಸಂಖ್ಯೆ. ಇವೆಲ್ಲ ಕೊನೆಗೆ ಆ ಕ್ಷಣದ ಎಸ್‌ಡಿಎ ಅಥವಾ ಎಸ್‌ಡಿಬಿಯತ್ತ ಬೆರಳು ತೋರಿಸುತ್ತವೆ.

ಚೀಟಿಯಿಂದ ಯುಯುಐಡಿಗೆ

ಚೀಟಿ ಅಂಟಿಸುವ ಪದ್ಧತಿ ಮೊದಲೇ ಇತ್ತು. ರೆಡ್‌ಹ್ಯಾಟ್ ಲಿನಕ್ಸ್ ತನ್ನ ಮೂಲ ವಿಭಾಗಕ್ಕೆ ಒಂದು ಓರೆಗೆರೆಯನ್ನೇ ಹೆಸರಾಗಿ ಕೊಡುತ್ತಿತ್ತು. ಎರಡು ಯಂತ್ರಗಳ ಡಿಸ್ಕುಗಳನ್ನು ಒಂದೇ ಯಂತ್ರಕ್ಕೆ ಜೋಡಿಸಿದರೆ ಎರಡರ ಮೇಲೂ ಅದೇ ಚೀಟಿ! ಯಾವುದರಿಂದ ಶುರುವಾಗಬೇಕೆಂಬುದು ಗೊಂದಲ.

ಆದ್ದರಿಂದ ಯುಯುಐಡಿ ಮುಂದೆ ಬಂತು. ಇದರ ಮೂಲ 1980ರ ದಶಕದ ಅಪೋಲೊ ಕಂಪ್ಯೂಟರ್ ಕಂಪನಿಯಲ್ಲಿದೆ. 128 ಬಿಟ್‌ಗಳ ಈ ಸಂಖ್ಯೆಯನ್ನು 32 ಅಕ್ಷರಾಂಕಗಳಲ್ಲಿ, ನಡುವೆ ನಾಲ್ಕು ಅಡ್ಡಗೆರೆ ಹಾಕಿ ಬರೆಯುತ್ತಾರೆ. 2005ರಲ್ಲಿ ಇದಕ್ಕೆ ಅಂತರಜಾಲದ ಶಿಷ್ಟ ನಿಯಮ ಬಂತು, 2024ರಲ್ಲಿ ಅದು ಪರಿಷ್ಕೃತವಾಯಿತು. ಯಾದೃಚ್ಛಿಕವಾಗಿ ಆರಿಸುವ ಬಗೆಯಲ್ಲಿ 5ರ ಮುಂದೆ 36 ಸೊನ್ನೆ ಇಟ್ಟರೆ ಬರುವಷ್ಟಕ್ಕಿಂತ ಹೆಚ್ಚು ಸಂಖ್ಯೆಗಳು ಸಾಧ್ಯ. ಹಾಗಾಗಿ ಯಾವ ಕೇಂದ್ರ ಕಚೇರಿಯನ್ನೂ ಕೇಳದೆ ಪ್ರತಿಯೊಬ್ಬರೂ ತಮ್ಮ ಡಿಸ್ಕಿಗೆ ಸಂಖ್ಯೆ ಆರಿಸಿಕೊಂಡರೂ ಎರಡು ಒಂದೇ ಆಗುವ ಸಂಭವ ಇಲ್ಲವೆಂದೇ ಹೇಳಬಹುದು. 2006ರ ಉಬುಂಟು 6.10ರಿಂದ, ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ ಈ ಸಂಖ್ಯೆಯೇ ಕಾಣತೊಡಗಿತು.

ಒಂದೇ ಹೆಸರಿನ ಇಬ್ಬರು

ಇಲ್ಲಿಗೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ. ಯುಯುಐಡಿ ಡಿಸ್ಕಿನ ಲೋಹಕ್ಕೆ ಸೇರಿದ್ದಲ್ಲ, ಅದರ ಮೇಲಿನ ಬರಹಕ್ಕೆ ಸೇರಿದ್ದು. ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಸಂಖ್ಯೆ ಬದಲಾಗುತ್ತದೆ. ಇಡೀ ಡಿಸ್ಕನ್ನು ಇನ್ನೊಂದಕ್ಕೆ ಹಾಗೆಯೇ ನಕಲು ಮಾಡಿದರೆ ಸಂಖ್ಯೆಯೂ ನಕಲಾಗುತ್ತದೆ. ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಇಂಥ ಜೋಡಿಯಲ್ಲಿ ಒಂದು ಆಗಲೇ ತೆರೆದಿದ್ದರೆ ಎರಡನೆಯದನ್ನು ತೆರೆಯಲು ಒಪ್ಪುವುದಿಲ್ಲ. ಕಾರ್ಖಾನೆಯ ಕ್ರಮಾಂಕವೂ ಸಂಪೂರ್ಣ ನಂಬಿಕೆಗೆ ಅರ್ಹವಲ್ಲ. ಕೆಲವು ಅಗ್ಗದ ಯುಎಸ್‌ಬಿ ಪೆಟ್ಟಿಗೆಗಳು ಒಳಗಿನ ಡಿಸ್ಕಿನ ಕ್ರಮಾಂಕವನ್ನು ಮರೆಮಾಡಿ ತಮ್ಮದೇ ಒಂದು ಸಂಖ್ಯೆಯನ್ನು ಹೇಳುತ್ತವೆ.

ಈ ಸಮಸ್ಯೆ ನಮ್ಮ ವಿದ್ವತ್ ಪರಂಪರೆಗೆ ಹೊಸದಲ್ಲ. ಹದೀಸ್ ವಿದ್ವಾಂಸರು ವರದಿಗಾರರ ಸರಪಳಿಯನ್ನು ಪರಿಶೀಲಿಸುವಾಗ ಇದನ್ನೇ ಎದುರಿಸಿದರು. ಖಲೀಲ್ ಬಿನ್ ಅಹ್ಮದ್ ಎಂಬ ಒಂದೇ ಹೆಸರಿನಲ್ಲಿ, ತಂದೆಯ ಹೆಸರೂ ಒಂದೇ ಆಗಿ, ಆರು ಮಂದಿ ಇದ್ದುದನ್ನು ಇಬ್ನುಸ್ಸಲಾಹ್ ಗುರುತಿಸಿದ್ದಾರೆ. 1071ರಲ್ಲಿ ನಿಧನರಾದ ಖತೀಬ್ ಅಲ್ ಬಗ್ದಾದಿ ಹೀಗೆ ಹೆಸರು ಒಂದಾಗಿ ವ್ಯಕ್ತಿ ಬೇರೆಯಾಗಿರುವವರಿಗಾಗಿಯೇ 'ಅಲ್ ಮುತ್ತಫಿಖ್ ವಲ್ ಮುಫ್ತರಿಖ್' ಎಂಬ ಗ್ರಂಥ ಬರೆದರು. ಅವರು ಹೆಸರೊಂದನ್ನೇ ನೆಚ್ಚಲಿಲ್ಲ. ತಂದೆ ಯಾರು, ಕುನಿಯತ್ ಏನು, ಊರು ಯಾವುದು, ಯಾರಿಂದ ಕಲಿತರು, ಯಾವಾಗ ತೀರಿಕೊಂಡರು ಎಂದು ಕೂಡಿಸಿ ನೋಡಿ ವ್ಯಕ್ತಿಯನ್ನು ಖಚಿತಪಡಿಸಿಕೊಂಡರು. ವಿಷಯ ದೀನಿನದು, ನನ್ನದು ಬರೀ ಡಿಸ್ಕಿನದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಎಚ್ಚರಿಕೆಯ ರೀತಿ ಕಲಿಯುವಂಥದ್ದು: ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಬಾರದು.

ಸ್ಕ್ರಿಪ್ಟ್ ಬರೆಯುವವರಿಗೆ

ಮುಂದೆ ಈ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ನಿಮಗೆ ಬೇಕಾದದ್ದು ಸ್ಥಾನವೇ, ವಸ್ತುವೇ, ಅದರ ಮೇಲಿನ ಬರಹವೇ ಎಂದು ನಿರ್ಧರಿಸಿ. ಪ್ರತಿ ವಾರ ಅದೇ ಡಿಸ್ಕಿಗೆ ಕಡತಗಳ ಪ್ರತಿ ತೆಗೆಯುವುದಾದರೆ ಯುಯುಐಡಿ ಸರಿ. ಡಿಸ್ಕನ್ನು ಅಳಿಸುವ ಕೆಲಸವಾದರೆ ಕಾರ್ಖಾನೆಯ ಕ್ರಮಾಂಕ, ಅಂದರೆ ಬೈ-ಐಡಿ. ಕೆಟ್ಟ ಡಿಸ್ಕಿದ್ದ ಗೂಡಿಗೆ ಯಾವ ಡಿಸ್ಕು ಬಂದರೂ ಸರಿ ಎಂಬುದಾದರೆ ಬೈ-ಪಾತ್. ಎಸ್‌ಡಿಬಿ ಎಂಬುದನ್ನು ಮಾತ್ರ ಸ್ಕ್ರಿಪ್ಟಿನಲ್ಲಿ ಎಂದಿಗೂ ಬರೆಯಬೇಡಿ.

ಎರಡನೆಯದು, ಹೆಸರನ್ನು ಊಹಿಸಿ ಜೋಡಿಸಬೇಡಿ. ಎಸ್‌ಡಿಎ ಮುಂದೆ 1 ಬರೆದರೆ ಮೊದಲ ವಿಭಾಗ ಎಸ್‌ಡಿಎ1 ಸಿಗುತ್ತದೆ. ಹೊಸ ಯಂತ್ರಗಳ ಎನ್‌ವಿಎಂಇ ಡಿಸ್ಕಿನ ಹೆಸರು ಎನ್‌ವಿಎಂಇ0ಎನ್1. ಅದರ ಮೊದಲ ವಿಭಾಗಕ್ಕೆ ನಡುವೆ 'ಪಿ' ಬೇಕು: ಎನ್‌ವಿಎಂಇ0ಎನ್1ಪಿ1. ಹಳೆಯ ಅಭ್ಯಾಸದಂತೆ ಬರೀ 1 ಸೇರಿಸಿದರೆ ಸಿಗುವುದು ಎನ್‌ವಿಎಂಇ0ಎನ್11. ಅದು ಬೇರೆಯೇ ಅರ್ಥದ ಹೆಸರು.

ಮೂರನೆಯದು, ಕೇಳಿ ತಿಳಿದುಕೊಳ್ಳಿ. 'ಎಲ್‌ಎಸ್‌ಬಿಎಲ್‌ಕೆ' ಎಂಬ ಆಜ್ಞೆ ಪ್ರತಿ ಡಿಸ್ಕಿನ ಗಾತ್ರ, ಮಾದರಿ, ಕ್ರಮಾಂಕ, ಯುಎಸ್‌ಬಿಯದೋ ಸಾಟಾದ್ದೋ ಎಂಬುದನ್ನು ಹೇಳುತ್ತದೆ. ಸ್ಕ್ರಿಪ್ಟಿನಲ್ಲಿ ಬಳಸುವಾಗ ಯಾವ ಕಾಲಂ ಬೇಕೆಂದು ಹೆಸರಿಸಿ ಕೇಳಿ. ಮಾಮೂಲಿ ಉತ್ತರದ ರೂಪ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು. 'ಫೈಂಡ್‌ಎಂಎನ್‌ಟಿ' ಎಂಬ ಆಜ್ಞೆ, ಮೂಲ ವ್ಯವಸ್ಥೆ ಯಾವುದರ ಮೇಲೆ ನಡೆಯುತ್ತಿದೆ ಎಂದು ತಿಳಿಸುತ್ತದೆ. ಗುರಿಯ ಡಿಸ್ಕು ಅದೇ ಆಗಿದ್ದರೆ, ಅಥವಾ ಅದರ ಯಾವುದೇ ವಿಭಾಗ ತೆರೆದಿದ್ದರೆ, ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು.

ನಾಲ್ಕನೆಯದು, ಅಳಿಸುವ ಮುನ್ನ ಮನುಷ್ಯನನ್ನು ಕೇಳುವಂತೆ ಬರೆಯಿರಿ. "ಹೌದೇ, ಅಲ್ಲವೇ" ಎಂದು ಕೇಳಿದರೆ ಕೈ ತಾನಾಗಿ "ಹೌದು" ಒತ್ತುತ್ತದೆ. ನನ್ನ ಈಗಿನ ಸ್ಕ್ರಿಪ್ಟ್, ಡಿಸ್ಕಿನ ಹಿಂಬದಿಯಲ್ಲಿ ಅಚ್ಚಾಗಿರುವ ಕ್ರಮಾಂಕದ ಕೊನೆಯ ನಾಲ್ಕು ಅಕ್ಷರಗಳನ್ನು ಬೆರಳಚ್ಚಿಸಲು ಹೇಳುತ್ತದೆ. ಅದಕ್ಕಾಗಿ ಡಿಸ್ಕನ್ನು ಕೈಗೆತ್ತಿಕೊಂಡು ಕಣ್ಣಾರೆ ನೋಡಲೇಬೇಕು. ಆ ಬೆಳಿಗ್ಗೆ ನಾನು ಇಷ್ಟು ಮಾಡಿದ್ದರೆ ಸಾಕಿತ್ತು.

ಕೊನೆಯ ಮಾತು

ಯುನಿಕ್ಸ್ ಕಟ್ಟಿದವರು ತಪ್ಪು ಮಾಡಲಿಲ್ಲ. ಅವರ ಕಾಲಕ್ಕೆ ಸ್ಥಾನವೇ ಗುರುತಾಗಿತ್ತು. ಕಾಲ ಬದಲಾಯಿತು, ಡಿಸ್ಕುಗಳು ಜೇಬಿಗೆ ಬಂದವು, ಹೆಸರಿನ ಅರ್ಥ ಮಾತ್ರ ಹಳೆಯದೇ ಉಳಿಯಿತು. ಬದಲಾದುದನ್ನು ಗಮನಿಸದೆ ಹಳೆಯ ನಂಬಿಕೆಯಲ್ಲಿ ಕೆಲಸ ಮಾಡಿದ್ದು ನನ್ನ ತಪ್ಪು. ಒಬ್ಬರ ದಾಖಲೆ ನಮ್ಮ ಕೈಯಲ್ಲಿದ್ದರೆ ಅದು ಅಮಾನತ್. ಅದನ್ನು ಕಾಪಾಡಲು ಒಳ್ಳೆಯ ಮನಸ್ಸಿನ ಜೊತೆಗೆ ಸರಿಯಾದ ತಿಳಿವಳಿಕೆಯೂ ಬೇಕು.

ಅರ್ಜಿ ತಪ್ಪಿಹೋದ ಆ ಇಬ್ಬರಲ್ಲಿ ಒಬ್ಬಾಕೆ ಮರುವರ್ಷ ಮತ್ತೆ ಅರ್ಜಿ ಹಾಕಿದಳು. ಅವಳ ಕಾಗದಗಳನ್ನು ನಾನೇ ಸ್ಕ್ಯಾನ್ ಮಾಡಿ, ಎರಡು ಡಿಸ್ಕುಗಳಲ್ಲಿ ಇಟ್ಟು, ಎರಡರ ಕ್ರಮಾಂಕವನ್ನೂ ದಾಖಲಾತಿ ಪುಸ್ತಕದಂಥ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಆ ವರ್ಷ ಅವಳಿಗೆ ವಿದ್ಯಾರ್ಥಿವೇತನ ಬಂತು, ಅಲ್‌ಹಮ್ದುಲಿಲ್ಲಾಹ್. ಹೋದ ವರ್ಷದ ಹಣ ಮಾತ್ರ ತಿರುಗಿ ಬರಲಿಲ್ಲ. ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ನಿಮ್ಮ ಶಾಲೆಯಲ್ಲೂ ಇಂದೇ ಅಂಥದ್ದೊಂದನ್ನು ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ. ಅಲ್ಲಾಹನು ನಮಗೆಲ್ಲರಿಗೂ ಪ್ರಯೋಜನಕರವಾದ ಜ್ಞಾನವನ್ನು ಕರುಣಿಸಲಿ. ಆಮೀನ್.